ಈರಪ್ಪ ಕಾಕಾನ ಹಗಲುನಿದ್ದೆ

ಭಾಷಣಕಾರರಿಗೆ ಸಭೆಯಲ್ಲಿ ಕೇಳಿಬರುವ ಗೊರಕೆಗಿಂತ ದೊಡ್ಡ ಅವಮಾನ ಬೇರೊಂದಿಲ್ಲ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಮಾತು ಸುಳ್ಳು. ಮೊನ್ನೆ ನಮ್ಮ ಬಡಾವಣೆಯ ಶಾಲೆಯವರು ಪಾಲಕರ ಸಭೆಗೆ ನನ್ನನ್ನು ಕರೆದಿದ್ದರು. ಮಗುವಿನ ಕಲಿಕೆಗೆ ಶಾಲೆ ಮುಖ್ಯವೋ ಮನೆ ಮುಖ್ಯವೋ ಎಂಬುದು ಅಂದಿನ ವಿಷಯ. ನಾನು ರೂಢಿಯಂತೆ ಗಂಟಲು ಸರಿಪಡಿಸಿಕೊಂಡು, ಶಾಲೆಗಳಿಗೆ ಸರಕಾರ ಕೊಡಬೇಕಾದ ಹಣ, ಕೊಡದೇ ಇರುವ ಹಣ, ಕೊಟ್ಟರೂ ದಾರಿಯಲ್ಲೇ ಇಂಗಿಹೋಗುವ ಹಣ ಎಂದು ಒಂದೊಂದು ಅನ್ಯಾಯವನ್ನೂ ಹೆಸರು ಹಿಡಿದು ಕರೆಯುತ್ತ ಸಾಗಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನ ದಪ್ಪ ಮೀಸೆಯ ಗೃಹಸ್ಥರೊಬ್ಬರು ಗದ್ದವನ್ನು ಎದೆಗೆ ಆನಿಸಿ, ನಿಶ್ಚಿಂತವಾದ, ತುಂಬುಗಂಟಲಿನ ಗೊರಕೆಯೊಂದನ್ನು ಬಿಟ್ಟರು. ಅವರ ಹೆಂಡತಿ ಮೊಣಕೈಯಿಂದ ತಿವಿದರು. ಮುಖ್ಯೋಪಾಧ್ಯಾಯಿನಿ ನಾಚಿ ನೆಲ ನೋಡಿದರು. ನಾನು ಮಾತ್ರ ಮೇಜನ್ನು ಹಿಡಿದುಕೊಂಡು ನಗಲಾರಂಭಿಸಿದೆ. ನಿಲ್ಲಿಸಲು ಪ್ರಯತ್ನಿಸಿದಷ್ಟೂ ನಗು ಉಕ್ಕಿತು. ಭಾಷಣ ಅಲ್ಲಿಗೇ ಮುಗಿಯಿತು. ವಯಸ್ಸಾಯಿತು ಪಾಪ, ಎಂದು ಯಾರೋ ಚಹಾ ತಂದುಕೊಟ್ಟರು.

ವಯಸ್ಸಾಗಿರುವುದು ನಿಜ. ಆದರೆ ನಗುವಿಗೆ ಅದು ಕಾರಣವಲ್ಲ. ಅಂಥ ಗೊರಕೆ ಕೇಳಿದಾಗಲೆಲ್ಲ ನನಗೆ ದಾಂಡೇಲಿಯ ಒಂದು ಸಾಲುಮನೆಗಳ ಚಾಳು ನೆನಪಾಗುತ್ತದೆ. ಅಲ್ಲಿ ಶಾಲೆ ಮತ್ತು ಮನೆಯ ಕುರಿತು ನಾನು ಕಲಿತದ್ದು ನೆನಪಾಗುತ್ತದೆ. ಕಲಿತ ರೀತಿ ನೆನಪಾದರೆ ಗಂಭೀರವಾಗಿರುವುದು ಯಾರಿಗಾದರೂ ಕಷ್ಟ. ಸಭೆಯಲ್ಲಿ ಇದನ್ನು ವಿವರಿಸುವಂತಿರಲಿಲ್ಲ. ನಿಮ್ಮೆದುರು ನನಗೆ ಆ ಸಂಕೋಚವಿಲ್ಲ.

ನಾನು ಅಕ್ಷರ ಕಲಿತದ್ದು ಧಾರವಾಡದ ಒಂದು ಹೊಸ ಮಾದರಿಯ ಶಾಲೆಯಲ್ಲಿ. ಬೇವಿನ ಮರದ ಕೆಳಗೆ ತರಗತಿ, ಕೈಯಲ್ಲಿ ನೂಲುವ ತಕಲಿ, ಶಿಕ್ಷಕರ ಕೈಯಲ್ಲಿ ಬೆತ್ತವಿಲ್ಲ. ಪ್ರತಿ ಶನಿವಾರ ಬಾಲಸಭೆ ಸೇರುತ್ತಿತ್ತು. ಅನ್ಯಾಯ ಕಂಡರೆ ಹೆದರಬಾರದು, ಎದ್ದು ನಿಂತು ಅದರ ಹೆಸರು ಹೇಳಬೇಕು ಎಂಬುದು ಆ ಸಭೆಯ ನಿಯಮ. ಉಳಿದ ಮಕ್ಕಳು ಈ ನಿಯಮವನ್ನು ಶನಿವಾರಕ್ಕಷ್ಟೇ ಇಟ್ಟುಕೊಂಡರು. ನಾನು ಅದನ್ನು ಮನೆಗೂ ತಂದೆ. ಹಾಗಲಕಾಯಿಯ ಪಲ್ಯ ಬಡಿಸಿದರೆ ಅನ್ಯಾಯ, ತಮ್ಮನಿಗೆ ಮೊದಲು ಎಣ್ಣೆಸ್ನಾನ ಮಾಡಿಸಿದರೆ ಅನ್ಯಾಯ, ಅಜ್ಜಿ ಏಕಾದಶಿಯ ದಿನ ಉಪವಾಸವಿದ್ದರೆ ಅದು ಯಾರ ಮೇಲಿನ ಅನ್ಯಾಯವೆಂದು ಅಜ್ಜಿಯನ್ನೇ ಕೇಳುವುದು. “ಇಕಿನ್ನ ಮದವಿ ಮಾಡಿಕೊಳ್ಳಾಂವ ಮೊದಲ ಒಬ್ಬ ವಕೀಲನ್ನ ಹಿಡಕೊಂಡು ಬರಬೇಕು ನೋಡ,” ಎಂದು ಅಜ್ಜಿ ಅವ್ವನಿಗೆ ಹೇಳುತ್ತಿದ್ದಳು.

ಇಂಥ ನನ್ನನ್ನು ಕಟ್ಟಿಕೊಂಡು ನಮ್ಮ ಅಪ್ಪ ದಾಂಡೇಲಿಗೆ ವರ್ಗವಾಗಿ ಬಂದ. ಅವನು ಅರಣ್ಯ ಇಲಾಖೆಯ ಗುಮಾಸ್ತ. ಅರವತ್ತರ ಆಸುಪಾಸಿನ ದಿನಗಳು ಅವು. ಕಾಡಿನ ನಡುವೆ ಕಾಗದದ ಕಾರ್ಖಾನೆ ಎದ್ದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಜೋಯಿಡಾ ಕಡೆಯ ಕಾಡಿನಿಂದ ಬಿದಿರು ಹೊತ್ತ ಲಾರಿಗಳು ಹೆರಿಗೆನೋವು ತಿನ್ನುವವರಂತೆ ನರಳುತ್ತ ಬರುತ್ತಿದ್ದವು. ಕಾರ್ಖಾನೆಯಿಂದ ಕೊಳೆತ ಕೋಸಿನಂಥ ವಾಸನೆಯೊಂದು ಗಾಳಿ ಬೀಸಿದತ್ತ ಹೊರಟು ಎಲ್ಲರ ಮನೆಗೂ ಸಮನಾಗಿ ಹಂಚಿಕೆಯಾಗುತ್ತಿತ್ತು. ಊರಿನಲ್ಲಿ ನಾನು ಕಂಡ ಏಕೈಕ ಸಮಾನತೆ ಅದು. ನಾನು ಮೂಗು ಮುಚ್ಚಿಕೊಂಡು ಅದನ್ನೂ ಅನ್ಯಾಯವೆಂದಾಗ, ಪಕ್ಕದ ಚಾಳಿನ ಈರಪ್ಪ ಕಾಕಾ ನಕ್ಕು, “ಹಂಗನ್ನಬ್ಯಾಡ ತಂಗಿ. ಅದು ಪಗಾರದ ವಾಸನಿ. ಅದು ನಿಂತ ದಿವಸ ನಮ್ಮ ಒಲಿ ಹೊಗಿನೂ ನಿಲ್ತೈತಿ,” ಎಂದಿದ್ದ.

ಈರಪ್ಪ ಕಾಕಾ ಬೈಲಹೊಂಗಲ ಕಡೆಯವನು. ಹೊಲ ಬಿಟ್ಟು, ಬಿದಿರನ್ನು ಚೂರು ಮಾಡುವ ಯಂತ್ರದ ಮುಂದೆ ನಿಂತಿದ್ದ. ಆ ಯಂತ್ರದ ಸದ್ದು ಕೇಳಿದವರಿಗೆ ಗುಡುಗು ಒಂದು ಪಿಸುಮಾತು. ಅವನ ಹೆಂಡತಿ ನೀಲವ್ವ ಕಾಕು. ಮಗಳು ಗಂಗವ್ವ, ನನ್ನ ತರಗತಿಯವಳು, ಬೆಂಚಿನಲ್ಲಿ ನನ್ನ ಜೊತೆಗಾತಿ. ಅವಳ ಕೆಳಗೆ ಇಬ್ಬರು ಪುಟ್ಟ ತಮ್ಮಂದಿರು. ಒಂದೇ ಕೋಣೆಯ ಮನೆ.

ಶಾಲೆ ನೋಡಲು ಅರಮನೆಯಂತಿತ್ತು. ಗಾಜಿನ ಕಿಟಕಿಗಳು, ವಾರ್ನಿಷ್ ಹೊಳೆಯುವ ಬೆಂಚುಗಳು. ಗಾಜು ಹೊಂದಿಸಲು ತೋರಿದ ಉತ್ಸಾಹದಲ್ಲಿ ಕೋಣೆಗಳನ್ನು ಕಟ್ಟಲು ಮಾತ್ರ ಮರೆತಿದ್ದರು. ಹೊಸ ಸಂಸಾರಗಳು ಬಂದಿಳಿದ ಹಾಗೆಲ್ಲ ಮಕ್ಕಳು ಹೆಚ್ಚಿ, ಕೊನೆಗೆ ದೊಡ್ಡ ತರಗತಿಗಳಿಗೆ ಮುಂಜಾನೆ, ಸಣ್ಣವರಿಗೆ ಮಧ್ಯಾಹ್ನ ಎಂದು ಶಾಲೆಯೂ ಪಾಳಿಯ ಮೇಲೆ ನಡೆಯತೊಡಗಿತು. ಊರಿಗೆ ತಕ್ಕ ಶಾಲೆ! ಕಚೇರಿಯಲ್ಲಿ ಒಂದು ದೊಡ್ಡ ಕಪಾಟು. ಅದರಲ್ಲಿ ಏನೇನಿದೆ ಎಂಬುದರ ಕುರಿತು ಮಕ್ಕಳಲ್ಲಿ ಪುರಾಣಗಳೇ ಹುಟ್ಟಿದ್ದವು. ಮುಂಡಗೋಡ ಕಡೆಯವರಾದ ನಮ್ಮ ಹೆಡ್‌ಮಾಸ್ತರರು ಅದರ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಒಳ್ಳೆಯ ಮನುಷ್ಯ. ಯಾರಿಗೂ ಹೊಡೆದವರಲ್ಲ. ಆದರೆ ಇನ್‌ಸ್ಪೆಕ್ಟರು ಬಂದಾಗ ಸಾಮಾನು ಮುರಿದಿದ್ದರೆ ತಮ್ಮನ್ನು ಎಲ್ಲಿ ಕ್ಯಾಸಲ್‌ರಾಕಿನ ಘಟ್ಟದ ತುದಿಗೆ ವರ್ಗಮಾಡಿ ಎಸೆಯುತ್ತಾರೋ ಎಂಬ ಭಯದಿಂದ ಅವರು ಆ ಕಪಾಟನ್ನು ವರ್ಷಕ್ಕೊಮ್ಮೆ, ದಸರೆಯ ಖಂಡೇಪೂಜೆಯ ದಿನ, ತೆರೆಯುತ್ತಿದ್ದರು. ಅಂದು ಭೂಗೋಲವನ್ನು ಹೊರಗಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಕೆಂಪು ಬಟ್ಟೆ ಸುತ್ತಿ ಒಳಗಿಡುವುದು. ಆ ವರ್ಷದ ಕುಂಕುಮ ಪೆಸಿಫಿಕ್ ಮಹಾಸಾಗರದ ನಡುವೆ ಬಿದ್ದಿತ್ತು. ದೂರದಿಂದಲೇ ದರ್ಶನ ಪಡೆದ ನಮ್ಮ ತರಗತಿಯ ಅರ್ಧ ಮಕ್ಕಳು ಅಲ್ಲೊಂದು ಕೆಂಪು ದೇಶವಿದೆ ಎಂದೇ ನಂಬಿದ್ದರು. ಅಲ್ಲಿಯ ಮುಖ್ಯ ಬೆಳೆ ಯಾವುದೆಂದು ಒಬ್ಬ ಹುಡುಗ ಮಾಸ್ತರರನ್ನು ಕೇಳಿಯೂ ಇದ್ದ.

ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಎಂಬ ಸರಕಾರಿ ಪರೀಕ್ಷೆ. ನಮ್ಮಂಥವರಿಗೆ ಅದು ಪರೀಕ್ಷೆ, ಗಂಗವ್ವನಿಗೆ ಕವಲುದಾರಿ. ಪಾಸಾದರೆ ಓದು ಮುಂದುವರಿಯುತ್ತದೆ, ಮುಂದೆ ಟ್ರೇನಿಂಗು ಮುಗಿಸಿ ಅವಳು ಶಾಲೆಯ ಅಕ್ಕೋರಾಗಬಹುದು. ನಪಾಸಾದರೆ ಬೈಲಹೊಂಗಲದ ಅಜ್ಜಿಯ ಮನೆ, ಅಲ್ಲಿ ಕಾಯುತ್ತಿರುವ ಸೋದರಮಾವ, ಮುಂದಿನ ಬೇಸಿಗೆಯಲ್ಲಿ ಅಕ್ಷತೆ. ಇದನ್ನು ನೀಲವ್ವ ಕಾಕುವೇ ಮುಚ್ಚುಮರೆಯಿಲ್ಲದೆ ಹೇಳಿದ್ದಳು: “ನಮ್ಮವ್ವಗ ಮಾತ ಕೊಟ್ಟೇನಿ. ಪಾಸ್ ಆದ್ಲಂದ್ರ ಕಲೀಲಿ. ಆಗಲಿಲ್ಲಂದ್ರ ನಮ್ಮ ತಮ್ಮ ಅದಾನ.”

“ನಿಮ್ಮ ಮಾವ ಹೆಂಗದಾನ?” ಎಂದು ನಾನು ಗಂಗವ್ವನನ್ನು ಕೇಳಿದೆ.

“ಛಲೋ ಅದಾನ. ಎತ್ತಿನ ಜೋಡಿ ಭಾಳ ಪ್ರೀತಿಲೆ ಮಾತಾಡ್ತಾನ.”

“ಮನಶ್ಯಾರ ಜೋಡಿ?”

“ಅದಕ್ಕ ಇನ್ನೂ ಯಾಳ್ಯಾ ಬಂದಿಲ್ಲ.”

ಹದಿಮೂರು ದಾಟಿದ ಹುಡುಗಿಗೆ ಮದುವೆ! ಆ ಅನ್ಯಾಯಕ್ಕೆ ಹೆಸರಿಡಲು ನನ್ನ ಬಾಲಸಭೆಯ ಭಾಷೆಯೇ ಸಾಲಲಿಲ್ಲ, ಇಂದಿಗೂ ಸಾಲುವುದಿಲ್ಲ. ಆದ್ದರಿಂದ ನಾನು ಹೆಸರಿಡುವುದನ್ನು ಬಿಟ್ಟು ಗಂಗವ್ವನನ್ನು ಪಾಸು ಮಾಡಿಸುವ ಚಳವಳಿಯನ್ನು ಕೈಗೆತ್ತಿಕೊಂಡೆ. ಚಳವಳಿಗೆ ಒಬ್ಬ ಶತ್ರು ಬೇಕಷ್ಟೆ. ಕಪಾಟು ಕಣ್ಣೆದುರೇ ಇತ್ತು.

ಗಂಗವ್ವ ದಡ್ಡಿಯಲ್ಲ. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಪೂರ್ಣಾಂಕದ ಮಗ್ಗಿಯನ್ನು ಅವಳು ಹೇಳಿದರೆ ಕೇಳುವವರಿಗೇ ಉಸಿರು ಕಟ್ಟುತ್ತಿತ್ತು. ಇತಿಹಾಸ, ಭೂಗೋಲ, ವ್ಯಾಕರಣ ಬಂದಾಗ ಮಾತ್ರ ಅವಳ ಪಾಟಿ ಖಾಲಿ. ಉಪಕರಣಗಳ ಅಭಾವ, ಎಂದು ನಾನು ರೋಗನಿರ್ಣಯ ಮಾಡಿದೆ. ಕಂಡು, ಮುಟ್ಟಿ, ಮಾಡಿ ಕಲಿಯಬೇಕೆಂದು ನನ್ನ ಹಳೆಯ ಶಾಲೆ ಹೇಳಿರಲಿಲ್ಲವೆ? ಒಂದು ದಿನ ಇಡೀ ತರಗತಿಯನ್ನು ಕರೆದುಕೊಂಡು ಹೋಗಿ ಕಚೇರಿಯ ಮುಂದೆ ಕುಳ್ಳಿರಿಸಿದೆ.

ಹೆಡ್‌ಮಾಸ್ತರರು ಹೊರಗೆ ಬಂದರು. “ಏನವಾ ವಿಮಲಾ, ಇದೇನು ಹರಿಕಥಿನೋ, ಹರತಾಳನೋ?”

“ಕಪಾಟಿನ ಅನ್ಯಾಯದ ವಿರುದ್ಧ ಸತ್ಯಾಗ್ರಹ ಅದರಿ, ಸರ್.”

“ಕಪಾಟು ನಿನಗೇನು ಮಾಡೇದವಾ?”

“ಅದೇನೂ ಮಾಡಿಲ್ಲರಿ ಸರ್. ಅದ ಅನ್ಯಾಯ.”

ಅವರು ನನ್ನನ್ನೇ ನೋಡಿದರು, ಆಮೇಲೆ ಕುಳಿತ ಮಕ್ಕಳನ್ನು ನೋಡಿದರು, ಆಮೇಲೆ ಬಾಯಿ ತೆರೆದು ನಕ್ಕರು. “ಮುರದ್ರ?” ಎಂದರು. ಹಿಂದಿನಿಂದ ಗಂಗವ್ವ, “ಮುರದ್ರ ಖಂಡೇಪೂಜಿಗೆ ಖರ್ಚು ಉಳೀತೈತ್ರಿ ಸರ,” ಎಂದಳು. ಜನಿವಾರದಿಂದ ಕೀಲಿ ಹೊರಬಂದಿತು.

ಆ ದಿನದ ಸಂಭ್ರಮವನ್ನು ಹೇಗೆ ವರ್ಣಿಸಲಿ! ಭೂಗೋಲ ಹೊರಬಂದು ಗಿರಗಿರನೆ ತಿರುಗಿ ಅಪಾರ ಹಗಲುರಾತ್ರಿಗಳನ್ನು ಸೃಷ್ಟಿಸಿತು. ಕೆಂಪು ದೇಶ ಒಬ್ಬ ಹುಡುಗನ ಉಗುಳಿನಿಂದ ಭೂಪಟವನ್ನು ಬಿಟ್ಟುಹೋಯಿತು. ಬಾಟಲಿಯಲ್ಲಿ ಮುಳುಗಿದ್ದ ಕಪ್ಪೆಗೆ ಎಲ್ಲರೂ ನಮಸ್ಕಾರ ಮಾಡಿದರು. ಲೋಹಚುಂಬಕ ಕೈಯಿಂದ ಕೈಗೆ ದಾಟಿ, ಮಾಸ್ತರರ ಛತ್ರಿಯನ್ನು ಹಿಡಿದುಕೊಂಡು ಬಿಡಲೊಲ್ಲೆ ಎಂದಿತು. ನೇತುಹಾಕಿದ ಅಸ್ಥಿಪಂಜರದ ಚಿತ್ರವನ್ನು ಕಂಡು, “ಪಗಾರ ಆಗೂ ಮುಂಚಿನ ದಿವಸ ನಮ್ಮಪ್ಪ,” ಎಂದು ಗಂಗವ್ವ ಪಿಸುಗುಟ್ಟಿದಳು. ಏನೂ ಮುರಿಯಲಿಲ್ಲ. ಮಾಸ್ತರರು ತಾವೇ ಒಂದು ಸಲ ಯಾರೂ ಕಾಣದಂತೆ ಭೂಮಿಯನ್ನು ತಿರುಗಿಸಿ ನೋಡಿದರು.

ಮುಂದಿನ ಪರೀಕ್ಷೆಯಲ್ಲಿ ಎಲ್ಲರ ಭೂಗೋಲ ಸುಧಾರಿಸಿತು. ಗಂಗವ್ವನದೂ ಒಂದಿಷ್ಟು ಸುಧಾರಿಸಿತು. ಇತಿಹಾಸ, ವ್ಯಾಕರಣಗಳಲ್ಲಿ ಅವಳು ಮೊದಲಿದ್ದಲ್ಲೇ ಇದ್ದಳು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿ ಮುಂದೆ ಹೋಗುತ್ತೇನೆ. ಶಾಲೆಗೆ ಹಣ ಹಾಕುವುದು ವ್ಯರ್ಥ, ಎಲ್ಲವೂ ಮನೆಯ ಸಂಸ್ಕಾರ ಎಂದು ಹೇಳುವ ಸುಖವಾಸಿಗಳು ಈ ಕಥೆಯನ್ನು ತಮ್ಮ ಸಾಕ್ಷಿಗೆ ಕರೆಯಬಾರದು. ಕೋಣೆಯಿಲ್ಲದ ಶಾಲೆ ಅನ್ಯಾಯ. ಕೀಲಿ ಹಾಕಿದ ಕಪಾಟು ಅದಕ್ಕಿಂತ ನಾಚಿಕೆಗೇಡಿನ ಅನ್ಯಾಯ. ಆದರೆ ಶಾಲೆಯ ಗಂಟೆ ಬಾರಿಸಿದ ಮೇಲೆ ಮಗು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೇಳಬೇಕೆನ್ನಿಸಿತು. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಒಂದು ಮಧ್ಯಾಹ್ನ, ಗಂಗವ್ವನ ಹಿಂದೆಯೇ ಅವಳ ಮನೆಗೆ ಹೋದೆ.

ಹೊಸ್ತಿಲಲ್ಲೇ ನೀಲವ್ವ ಕಾಕು ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಒಳಗೆ ನೋಡುತ್ತೇನೆ: ಸಿನೆಮಾದ ಸದ್ದು ಕೆಟ್ಟುಹೋಗಿ ಚಿತ್ರ ಮಾತ್ರ ಓಡುತ್ತಿರುವಂಥ ಸಂಸಾರ. ಮೂಲೆಯಲ್ಲಿ ಕಂಬಳಿಯ ಗುಡ್ಡೆಯೊಂದು; ಅದು ರಾತ್ರಿಪಾಳಿ ಮುಗಿಸಿ ಬಂದ ಈರಪ್ಪ ಕಾಕಾ. ಆ ವರ್ಷ ಅವನಿಗೆ ಬಹುತೇಕ ರಾತ್ರಿಪಾಳಿಯೇ. ಇಬ್ಬರು ತಮ್ಮಂದಿರು ಗೋಲಿಗಳನ್ನು ಚಿಂದಿಯ ಮೇಲೆ ಆಡುತ್ತಿದ್ದರು. ತಾಮ್ರದ ಕೊಡದ ಬಾಯಿಗೆ ಬಟ್ಟೆ. ಅತಿ ವಿಚಿತ್ರವೆಂದರೆ ನೀಲವ್ವ ಕಾಕು ರೊಟ್ಟಿ ಮಾಡುತ್ತಿದ್ದ ರೀತಿ. ಜೋಳದ ರೊಟ್ಟಿಯನ್ನು ಬಡಿಯಬೇಕು. ಆ ಪಟಪಟ ಸದ್ದು ಕೇಳಿಯೇ ನಮ್ಮ ಕಡೆಯವರಿಗೆ ಹಸಿವಾಗುವುದು. ಇವಳು ಬಡಿಯದೆ, ಹಿಟ್ಟನ್ನು ಅಂಗೈಯಿಂದ ಒತ್ತಿ ಒತ್ತಿ, ಎತ್ತಿನ ಗೊರಸಿನಷ್ಟು ದಪ್ಪದ ರೊಟ್ಟಿ ಮಾಡುತ್ತಿದ್ದಳು.

ನನಗೆ ಎಲ್ಲವೂ ಹೊಳೆಯಿತು. ಆಗ ಓದುವುದೆಂದರೆ ಗಟ್ಟಿಯಾಗಿ ಓದುವುದು. ಸಂಜೆಯಾದರೆ ಮನೆಮನೆಯಿಂದ ಪಾಠಗಳು ಹೊರಗೆ ಹರಿಯುತ್ತಿದ್ದವು; ಬಾಯಿಯಿಂದ ಹೊರಟು ಕಿವಿಯಿಂದ ಒಳಹೋಗದ ಪಾಠ ತಲೆಯಲ್ಲಿ ನಿಲ್ಲುತ್ತದೆಂದು ಯಾರೂ ನಂಬಿರಲಿಲ್ಲ. ಗಂಗವ್ವ ಪುಸ್ತಕ ಹಿಡಿದು, ಮೀನಿನಂತೆ ತುಟಿಯಾಡಿಸುತ್ತ ಕುಳಿತಿದ್ದಳು. ರಾತ್ರಿ ಓದೋಣವೆಂದರೆ ತಮ್ಮಂದಿರ ನಿದ್ದೆ. ನಮ್ಮ ಮನೆಗೆ ಬಾ ಎಂದರೆ, ಮಧ್ಯಾಹ್ನವೇ ನಳ ಬರುತ್ತಿತ್ತು. ನೀರು ಹಿಡಿಯಬೇಕು, ತಮ್ಮಂದಿರನ್ನು ನೋಡಿಕೊಳ್ಳಬೇಕು. ಹೆಣ್ಣುಮಗಳ ಮೇಲಿನ ಆ ಹೊರೆಯೂ ಅನ್ಯಾಯವೇ, ಅದನ್ನೂ ಕಾಕುವಿನ ಕಿವಿಯಲ್ಲಿ ಪಿಸುಗುಟ್ಟಿದೆ. “ಹೌದವಾ, ಅನ್ಯಾಯ ಐತಿ,” ಎಂದು ಅವಳೂ ಪಿಸುದನಿಯಲ್ಲೇ ಒಪ್ಪಿಕೊಂಡು, ಖಾಲಿ ಕೊಡವನ್ನು ನನ್ನ ಕೈಗೇ ಕೊಟ್ಟಳು.

ನೀರಿನ ಸಾಲಿನಲ್ಲಿ ನಿಂತಾಗ ನನಗೊಂದು ಯೋಜನೆ ಮೂಡಿತು. ಅದರ ತರ್ಕ ಇಂದಿಗೂ ನನಗೆ ನಿರ್ದುಷ್ಟವಾಗಿಯೇ ಕಾಣುತ್ತದೆ, ಫಲವಷ್ಟೇ ಬೇರೆಯಾಯಿತು. ಆಗ ಎಲ್ಲಕ್ಕೂ ಪಡಿತರದ ಕಾಲ. ಈರಪ್ಪ ಕಾಕಾನ ನಿದ್ದೆಯೂ ಒಂದಿಷ್ಟು ಸದ್ದನ್ನು ತಾಳಿಕೊಳ್ಳಬಲ್ಲದು ಎಂದುಕೊಳ್ಳಿ. ಆ ಪಾಲನ್ನೆಲ್ಲ ಚಾಳಿನವರು ಬೇಕಾಬಿಟ್ಟಿ ತಿಂದುಹಾಕುತ್ತಿದ್ದರು: ಒರಳು ಕುಟ್ಟುವವರು, ಚೆಂಡು ಬಡಿಯುವ ಹುಡುಗರು, ಪಕ್ಕದ ಮನೆಯ ಖಾಸಿಂಬಿಯ ಹುಂಜ. ಅವರೆಲ್ಲ ಬಾಯಿ ಮುಚ್ಚಿದರೆ, ಉಳಿದ ಸದ್ದಿನ ಪಡಿತರವೆಲ್ಲ ಗಂಗವ್ವನ ಪಾಲಿಗೆ! ಶ್ರಮಿಕನಿಗೆ ವಿಶ್ರಾಂತಿಯ ಹಕ್ಕು, ವಿದ್ಯಾರ್ಥಿನಿಗೆ ಓದಿನ ಹಕ್ಕು. ಒಂದೇ ಏಟಿಗೆ ಎರಡು ನ್ಯಾಯ. ಮಾರನೆಯ ದಿನವೇ ನಮ್ಮ ತರಗತಿಯ ಹುಡುಗಿಯರು ಶಾಂತಿದಳವಾಗಿ ಚಾಳನ್ನು ಸುತ್ತತೊಡಗಿದರು.

ಜನ ಎಷ್ಟು ಒಳ್ಳೆಯವರೆಂದರೆ, ಒಪ್ಪಿಕೊಂಡರು. ಗಂಗವ್ವನ ಮುಲ್ಕಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಒರಳು ಕುಟ್ಟುವ ಹೊತ್ತು ಬದಲಾಯಿತು. ಚೆಂಡಾಟ ಕಾಳಿ ನದಿಯ ದಂಡೆಗೆ ಹೋಯಿತು. ಖಾಸಿಂಬಿ ಒಬ್ಬಳು ಎದುರು ನಿಂತಳು.

“ಅಯ್ಯ ಬೇಟಿ, ನಾ ಸುಮ್ನಿರ್ತೇನಿ. ಹುಂಜಾಗ ಯಾರ ಹೇಳ್ತಾರ?”

“ಬುಟ್ಟಿ ಮುಚ್ಚರಿ ಖಾಸಿಂಬಿ. ಕತ್ತಲಾದ್ರ ಅದು ಕೂಗೂದಿಲ್ಲ.”

“ಮಟಮಟ ಮಧ್ಯಾಹ್ನ ಕತ್ತಲಿ? ಹುಂಜ ಹುಚ್ಚ ಹಿಡದ ಹೋಗ್ತೈತಿ!”

ಹುಂಜ ಬುಟ್ಟಿಯೊಳಗೆ ಹೋಯಿತು. ಪಾಪ, ಬುಟ್ಟಿ ತೆಗೆದಾಗಲೆಲ್ಲ ಅದಕ್ಕೆ ಬೆಳಗಾಗಿ, ಸಂಜೆ ಹೊತ್ತಿಗೆ ಕೂಗುವ ಚಟ ಹತ್ತಿತು.

ಚಾಳಿನಲ್ಲಿ ಅಂಥ ನಿಶ್ಶಬ್ದ ನೆಲೆಸಿತೆಂದರೆ, ನೊಣಗಳೂ ಕಾಲು ತೊಳೆದುಕೊಂಡು ಬರುತ್ತಿವೆಯೇನೋ ಅನ್ನಿಸುತ್ತಿತ್ತು. ಗಂಗವ್ವ ಆ ಮೌನದಲ್ಲಿ ಸಣ್ಣ ದನಿ ತೆಗೆದು ನೋಡಿದಳು. ಸಣ್ಣ ದನಿಯೇ ಗಂಟೆ ಬಾರಿಸಿದಂತೆ ಕೇಳಿ, ಅವಳು ಬೆದರಿ ಮತ್ತೆ ಮೀನಾದಳು. ಇನ್ನು ಈರಪ್ಪ ಕಾಕಾ? ದಿನೇ ದಿನೇ ಇಳಿದುಹೋಗತೊಡಗಿದ. ಕಣ್ಣು ಕೆಂಡದಂತೆ, ನಡಿಗೆ ನೀರಿನಲ್ಲಿ ನಡೆದಂತೆ. ಕಾರ್ಖಾನೆಯಲ್ಲಿ ಯಂತ್ರದ ಬಳಿ ನಿಂತಲ್ಲೇ ತೂಕಡಿಸಿದನೆಂದೂ ಮೇಲಿನವರು ಗದರಿಸಿದರೆಂದೂ ಸುದ್ದಿ ಬಂತು. ನೀಲವ್ವ ಕಾಕು ಹೌಹಾರಿದಳು. “ಇನ್ನೂ ಎಲ್ಲ್ಯೋ ಸಪ್ಪಳ ಆಗಾಕತ್ತೈತಿ,” ಎಂದು ಗೋಡೆಗೆ ಗೋಣಿಚೀಲ ತೂಗುಹಾಕಿದಳು. ನಾನು ಶಾಂತಿದಳಕ್ಕೆ ಬರಿಗಾಲಿನಲ್ಲಿ ತಿರುಗಲು ಆಜ್ಞೆ ಮಾಡಿದೆ.

ಮುಲ್ಕಿಗೆ ಮೊದಲಿನ ಕೊನೆಯ ಪರೀಕ್ಷೆ ಆಯಿತು. ಇತಿಹಾಸದಲ್ಲಿ ಗಂಗವ್ವ ಮತ್ತೆ ಮುಗ್ಗರಿಸಿದಳು. ಆ ಮಧ್ಯಾಹ್ನ ನಾನು ಅವಳ ಮನೆಯಲ್ಲಿದ್ದೆ. ನೀಲವ್ವ ಕಾಕು ಬೇಸರದಿಂದ, ಆದರೆ ಪಿಸುದನಿಯಲ್ಲೇ, “ಹಣ್ಯಾಗ ಬರದಿಲ್ಲವಾ. ಮಾವಗ ಹೇಳಿ ಕಳಸ್ತೇನಿ,” ಎಂದಳು. ಗಂಗವ್ವನ ಮುಖ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಎದ್ದು ನಿಂತಳು. ಇತಿಹಾಸದ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಳು.

“ವಿಜಯನಗರ ಸಾಮ್ರಾಜ್ಯದ ಪತನಕ್ಕೆ ಕಾರಣಗಳು!” ಎಂದು ಕಿರುಚಿದಳು.

ಚಾಳು ಬೆಚ್ಚಿಬಿದ್ದಿತು. ಹುಂಜ ಬುಟ್ಟಿಯೊಳಗಿನಿಂದ ಉತ್ತರ ಕೊಟ್ಟಿತು. ನೀಲವ್ವ ಕಾಕು ಹಿಟ್ಟಿನ ಕೈಯಿಂದ ಮಗಳ ಬಾಯಿ ಹಿಡಿಯಲು ಹೋದಳು. ಮಗಳು ಕಟ್ಟೆಯ ಮೇಲೆ ಹತ್ತಿ, ಕಣ್ಣಲ್ಲಿ ನೀರಿಳಿಸುತ್ತ, ಒಂದಾದ ಮೇಲೊಂದು ಕಾರಣವನ್ನು ಓದುತ್ತಲೇ ಹೋದಳು. ತಿಂಗಳುಗಟ್ಟಲೆ ಒಳಗೆ ಕಟ್ಟಿಹಾಕಿದ್ದ ದನಿಯೆಲ್ಲ ಹೊರಬಂದಿತ್ತು. ಹಂಪೆ ಅವಳ ಗಂಟಲಿನಲ್ಲಿ ಇನ್ನೊಂದು ಸಲ ಹಾಳಾಯಿತು.

ನಾವು ಹೆದರಿ ಕಂಬಳಿಯತ್ತ ನೋಡಿದೆವು. ಕಂಬಳಿಯ ಗುಡ್ಡೆ ಒಮ್ಮೆ ಹೊರಳಿತು. ನಿಟ್ಟುಸಿರೊಂದು ಕೇಳಿತು. ಮರುಕ್ಷಣ ಒಳಗಿನಿಂದ ಹೊರಟಿತು ನೋಡಿ ಗೊರಕೆ! ಬಿದಿರು ತುಂಬಿದ ಲಾರಿ ಏರು ಹತ್ತಿದಂತೆ, ನಿಧಾನವಾಗಿ, ಗಂಭೀರವಾಗಿ, ತುಂಬು ತೃಪ್ತಿಯಿಂದ.

ಗಂಗವ್ವ ಬೆರಗಾಗಿ ಓದು ನಿಲ್ಲಿಸಿದಳು. ಗೊರಕೆಯೂ ನಿಂತಿತು. ಕಂಬಳಿ ಸರಿದು, ಕೆಂಪು ಕಣ್ಣೊಂದು ಹೊರಗೆ ಇಣುಕಿತು.

“ಯಾಕ ನಿಲ್ಲಿಸಿದಿ? ಓದವಾ ನಮ್ಮವ್ವ. ಎಷ್ಟ ದಿವಸಕ್ಕ ಈಗ ಜರಾ ಕಣ್ಣ ಹತ್ತಿತ್ತು.”

“ಏನಂದ್ರಿ?” ಎಂದಳು ನೀಲವ್ವ ಕಾಕು, ತಿಂಗಳುಗಳ ನಂತರ ಮೊದಲ ಸಲ ಪೂರ್ತಿ ದನಿಯಲ್ಲಿ.

ಈರಪ್ಪ ಕಾಕಾ ಎದ್ದು ಕುಳಿತ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತಲೆ ಕೆರೆದುಕೊಂಡ. “ರಾತ್ರಿಯೆಲ್ಲಾ ಆ ಮಶೀನಿನ ಮುಂದ ನಿಂತು ನಿಂತು ಕಿವ್ಯಾಗ ಅದ ಕುಂತೈತಿ. ಇಲ್ಲಿ ಬಂದು ಮಲಗಿದ್ರ, ಒಮ್ಮಿಗಿಲೇ ಸುಮ್ಮ. ಎದಿ ಧಸಕ್ ಅಂತೈತಿ. ಮಶೀನ್ ಬಂದ್ ಬಿತ್ತೇನೋ, ಯಾರದರ ಕೈ ಸಿಗಬಿತ್ತೇನೋ ಅಂತ ಎಚ್ಚರ ಆಕ್ಕೈತಿ. ಗದ್ದಲ ಇಲ್ಲಂದ್ರ ನನಗ ನಿದ್ದಿ ಬರಂಗಿಲ್ಲ.”

“ಮತ್ತ ಇಷ್ಟ ದಿವಸ ಕಣ್ಣ ಮುಚ್ಚಿಕೊಂಡು ಮಕ್ಕೊಂಡಿದ್ರೆಲಾ?”

“ನೀವೆಲ್ಲಾ ನನ್ನ ಸಲವಾಗಿ ಅಷ್ಟ ಕಾಳಜಿ ಮಾಡಾಕತ್ತಿದ್ರಿ. ಚಾಳಿಗೆ ಚಾಳೇ ಸುಮ್ಮ ಕುಂತಿತ್ತು. ನಿದ್ದಿ ಬಂದಿಲ್ಲ ಅಂತ ಹೆಂಗ ಹೇಳ್ಲಿ?”

“ಬಾಯಿಲೆ ಹೇಳಬೇಕಿತ್ತು!” ಎಂದು ಕಾಕು ಗುಡುಗಿದಳು. ಆ ಗುಡುಗಿಗೆ ಕಾಕಾನ ಕಣ್ಣೆವೆ ಜೋತುಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. “ಬೈಯಿ, ಬೈಯಿ,” ಎಂದ ಅವನು, ಮತ್ತೆ ಒರಗಿಕೊಳ್ಳುತ್ತ. “ಮತ್ತ ಆ ರೊಟ್ಟಿ ಬಡೀ, ಪುಣ್ಯಾ ಬರ್ತೈತಿ. ಆ ಸಪ್ಪಳ ಕೇಳದ ನನಗ ಊರ ಮರತ ಹೋದಂಗ ಆಗೈತಿ.”

ಕಾಕು ಅರೆಗಳಿಗೆ ಗಂಡನನ್ನು ದಿಟ್ಟಿಸಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಳಿತಳು. ಪಟ, ಪಟ, ಪಟ! ಖಾಸಿಂಬಿ ಬುಟ್ಟಿ ಎತ್ತಿ ಒಗೆದಳು. ಹುಂಜ ಹೊರಬಂದು, ಕಳೆದುಹೋದ ಬೆಳಗುಗಳನ್ನೆಲ್ಲ ಒಟ್ಟಿಗೆ ಕೂಗಿಬಿಟ್ಟಿತು. ಒರಳುಗಳು ದುಡುಂ ಎಂದವು. ನನ್ನ ಶಾಂತಿದಳ ವಿಸರ್ಜನೆಗೂ ಕಾಯದೆ ಕುಂಟಾಬಿಲ್ಲೆಗೆ ಇಳಿಯಿತು. ಈ ಸಮಸ್ತ ವಾದ್ಯಗೋಷ್ಠಿಯ ನಡುವೆ ಗಂಗವ್ವ ವಿಜಯನಗರವನ್ನು ಪೂರ್ತಿ ಕೆಡವಿ, ಬಹಮನಿಗೆ ಕೈ ಹಚ್ಚಿದಳು. ಅವಳಪ್ಪ ಕಂಬಳಿಯೊಳಗೆ ರಾಜನಂತೆ ನಿದ್ರಿಸಿದ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಮೈಯಲ್ಲಿ ಕುಣಿತ ಬರುತ್ತದೆ. ಪ್ರತಿ ಮಧ್ಯಾಹ್ನ ನಾವು ನಾಲ್ಕಾರು ಹುಡುಗಿಯರು ಅವರ ಕಟ್ಟೆಯ ಮೇಲೆ ಸೇರುತ್ತಿದ್ದೆವು. ನೀರಿನ ಕೊಡಗಳು ಸರದಿಯಲ್ಲಿ ತುಂಬುತ್ತಿದ್ದವು, ತಮ್ಮಂದಿರು ಸರದಿಯಲ್ಲಿ ನಮ್ಮ ಸೊಂಟವೇರುತ್ತಿದ್ದರು, ಗಂಗವ್ವ ಬೀದಿಗೆ ಕೇಳುವಂತೆ ಓದುತ್ತಿದ್ದಳು. ಕಾಕಾನಿಗೆ ಪಾಠಗಳಲ್ಲಿ ರುಚಿಭೇದವೂ ಹುಟ್ಟಿತು. “ಇತಿಹಾಸ ಭಾಳ ಛಲೋ, ಲಗೂ ನಿದ್ದಿ ಬರ್ತೈತಿ. ವ್ಯಾಕರಣದಾಗ ಸ್ವಲ್ಪ ಕನಸ ಬೀಳ್ತಾವ,” ಎನ್ನುತ್ತಿದ್ದ. ಹೆಡ್‌ಮಾಸ್ತರರು ವಿಷಯ ಕೇಳಿ ನೋಡಲು ಬಂದವರು, ಗದ್ದಲದಲ್ಲಿ ಓದುವ ಹುಡುಗಿಯನ್ನೂ ಗದ್ದಲದಲ್ಲಿ ಮಲಗಿದ ತಂದೆಯನ್ನೂ ನೋಡಿ, ಭೂಗೋಲವನ್ನು ಚಾಳಿಗೇ ಕಳಿಸಿಕೊಟ್ಟರು. ಸರಕಾರದ ಸೊತ್ತು ಖಾಸಿಂಬಿಯ ಕಟ್ಟೆಯ ಮೇಲೆ, ಒಣಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ, ಗಾಳಿ ಬೀಸಿದರೆ ತಾನಾಗಿಯೇ ತಿರುಗುತ್ತಿತ್ತು. ಇನ್‌ಸ್ಪೆಕ್ಟರು ಬಂದಿದ್ದರೆ ಏನಾಗುತ್ತಿತ್ತೋ! ಅಂದು ನನ್ನ ಪಾಲಿಗೆ ಶಾಲೆ ಯಾವುದು, ಮನೆ ಯಾವುದು ಎಂಬ ಗೆರೆಯೇ ಅಳಿಸಿಹೋಗಿತ್ತು. ಅದನ್ನು ಮತ್ತೆ ಎಳೆದು ತೋರಿಸಿ ಎಂದು ಸಭೆಗಳಲ್ಲಿ ಕೇಳಿದಾಗ ನಾನು ತಡವರಿಸುವುದು ಅದಕ್ಕೇ.

ಮುಲ್ಕಿಗೆ ಹಳಿಯಾಳಕ್ಕೆ ಹೋಗಬೇಕಿತ್ತು. ಬಸ್ಸಿನ ಕಿಟಕಿಯಿಂದ ಗಂಗವ್ವ ಕಾಡಿಗೆಲ್ಲ ಸಂಧಿಗಳನ್ನು ಕೇಳಿಸಿದಳು. ಪರೀಕ್ಷೆಯ ಕೋಣೆಯಲ್ಲಿ ಮಾತ್ರ ನಾವು ಎಣಿಸದಿದ್ದ ಶತ್ರುವೊಂದು ಕಾದಿತ್ತು: ನಿಶ್ಶಬ್ದ. ಅವಳ ಲೇಖನಿ ನಿಂತದ್ದನ್ನು ಪಕ್ಕದ ಸಾಲಿನಿಂದ ಕಂಡು ನಾನೂ ಬರೆಯುವುದನ್ನು ನಿಲ್ಲಿಸಿದೆ. ಆಗ ಅವಳು ಕಣ್ಣು ಮುಚ್ಚಿದಳು. ಬಲಗೈಯ ಬೆರಳುಗಳಿಂದ ಬೆಂಚಿನ ಅಂಚನ್ನು ಮೆಲ್ಲಗೆ ಬಡಿಯತೊಡಗಿದಳು. ಮೇಲ್ವಿಚಾರಕರು ಬಂದು, “ಏನದು?” ಎಂದರು. “ರೊಟ್ಟಿರೀ ಸರ,” ಎಂದಳು. ಅವರು ಅರ್ಥವಾಗದೆ ಮುಂದೆ ಹೋದರು. ಲೇಖನಿ ಹೊರಟಿತು.

ಮೇ ತಿಂಗಳ ಒಂದು ಮಧ್ಯಾಹ್ನ ಹೆಡ್‌ಮಾಸ್ತರರು ಸೈಕಲ್ಲಿನ ಮೇಲೆ ಚಾಳಿನ ತುದಿಯಿಂದಲೇ ಕೂಗುತ್ತ ಬಂದರು. ಎಂದೂ ದನಿಯೇರಿಸದ ಮನುಷ್ಯ. ಅವರ ಕಚ್ಚೆ ಸೈಕಲ್ಲಿನ ಸರಪಳಿಗೆ ಸಿಕ್ಕಿಕೊಂಡದ್ದೂ ಅವರಿಗೆ ತಿಳಿದಿರಲಿಲ್ಲ. “ಪಾಸು! ಗಂಗವ್ವ ಪಾಸು!” ಚಾಳು ಸಿಡಿದೆದ್ದಿತು. ಖಾಸಿಂಬಿ ತಾಟು ಬಡಿದಳು. ಹುಡುಗರು ಡಬ್ಬಿ ಬಾರಿಸಿದರು. ನೀಲವ್ವ ಕಾಕು ಮಗಳನ್ನು ಅಪ್ಪಿಕೊಂಡು ಅತ್ತಳೋ ನಕ್ಕಳೋ, ಅಂತೂ ದೊಡ್ಡ ದನಿಯಲ್ಲಿ. ನಾನು ಕಟ್ಟೆ ಹತ್ತಿ ಬಾಲ್ಯವಿವಾಹವೆಂಬ ಅನ್ಯಾಯದ ಸೋಲನ್ನು ಕುರಿತು ಭಾಷಣ ಆರಂಭಿಸಿದೆ; ಯಾರೂ ಕೇಳಲಿಲ್ಲ.

“ಅಪ್ಪಗ ಹೇಳಬೇಕು!” ಎಂದು ಗಂಗವ್ವ ಒಳಗೆ ಓಡಿದಳು. ಕಾಕಾ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದ. ಅವಳು ಅಲುಗಿಸಿದಳು. ಅವನು ಹೊರಳಿದ. ಕಿವಿಯಲ್ಲಿ ಕೂಗಿದಳು. ಗೊರಕೆ ಇನ್ನಷ್ಟು ಆಳಕ್ಕೆ ಇಳಿಯಿತು. ಹೆಡ್‌ಮಾಸ್ತರರೂ ಬಂದು ಕೂಗಿದರು. ಹೊರಗೆ ಡಬ್ಬಿಗಳು ಬಡಿದಷ್ಟೂ ಒಳಗೆ ಕಾಕಾನ ಮುಖದಲ್ಲಿ ಶಾಂತಿ ಹೆಚ್ಚುತ್ತ ಹೋಯಿತು. ಜಗತ್ತಿನಲ್ಲಿ ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವನೊಬ್ಬನೇ ಅದನ್ನು ಕೇಳದೆ ಮಲಗಿದ್ದ.

ನೀಲವ್ವ ಕಾಕು ಹೊಸ್ತಿಲಿಗೆ ಬಂದಳು. ಬೆರಳನ್ನು ತುಟಿಯ ಮೇಲಿಟ್ಟಳು. ತಾಟು ನಿಂತಿತು. ಡಬ್ಬಿ ನಿಂತಿತು. ಮಕ್ಕಳು ನಿಂತರು. ನನ್ನ ಭಾಷಣವೂ ನಿಂತಿತು. ಚಾಳಿಗೆ ಚಾಳೇ ಉಸಿರು ಬಿಗಿಹಿಡಿಯಿತು.

ಈರಪ್ಪ ಕಾಕಾ ಧಡಕ್ಕನೆ ಎದ್ದು ಕುಳಿತ. “ಏನಾತು? ಯಾರಿಗೆ ಏನಾತು?”

“ಅಪ್ಪಾ,” ಎಂದಳು ಗಂಗವ್ವ, ಪಿಸುದನಿಯಲ್ಲಿ. “ನಾ ಪಾಸ್ ಆದೆ.”

ಅವನು ಮಗಳನ್ನು ನೋಡಿದ. ಬಾಗಿಲಲ್ಲಿ ಗುಂಪಾಗಿ, ಮೂಕವಾಗಿ ನಿಂತಿದ್ದ ನಮ್ಮೆಲ್ಲರನ್ನೂ ನೋಡಿದ.

“ಮತ್ತ ಹಿಂಗ್ಯಾಕ ಹೆಣದ ಮುಂದ ನಿಂತಂಗ ನಿಂತೀರಿ? ನನ್ನ ಮಗಳು ಪಾಸ್ ಆಗ್ಯಾಳ. ಬಡೀರಲೇ ಡಬ್ಬಿ!”

ಬಡಿದರು. ದಾಂಡೇಲಿಯಲ್ಲಿ ಅಂಥ ಗದ್ದಲ ಅದಕ್ಕೆ ಮೊದಲು ಆಗಿರಲಿಲ್ಲ. ಕಾರ್ಖಾನೆಯ ಯಂತ್ರವೂ ಅಂದು ನಾಚಿರಬೇಕು. ಈರಪ್ಪ ಕಾಕಾ ಕಂಬಳಿ ಹೊದ್ದುಕೊಂಡೇ ಕಟ್ಟೆಗೆ ಬಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಳಿಗೆ ಹೊರಡುವ ಹೊತ್ತಿನವರೆಗೂ ಹಾಗೆಯೇ ಕುಳಿತಿದ್ದ. ಅಷ್ಟು ಗದ್ದಲವಿದ್ದರೂ, ಅಂದು ಮಾತ್ರ, ಅವನಿಗೆ ನಿದ್ದೆ ಬರಲಿಲ್ಲ.